ಎಡಗಡೆಯ ಜೇಕು

ಬಗ್ಗಿದಲ್ಲಿಂದ ಏಳುವುದಕ್ಕೆ ಪಂಕಜಳಿಗೆ ಈಚೆಗೆ ಏನಾದರೊಂದು ನೆಪ ಬೇಕಾಗುತ್ತಿತ್ತು. ಹಾಲು ಉಕ್ಕುತ್ತದೆ, ಫೋನು ಹೊಡೆದುಕೊಳ್ಳುತ್ತಿದೆ, ಕಾವೇರಿ ನೀರು ಬಂತು, ಸಂಪಿನ ಮುಚ್ಚಳ ತೆಗೆಯಬೇಕು. ನೆಪವಿಲ್ಲದೆ ಸುಮ್ಮನೆ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತರೆ ಸಾಕು, ಪೋರ್ಟಿಕೋದ ಬೆತ್ತದ ಕುರ್ಚಿಯಿಂದ ಊರುಗೋಲು ಮೇಲೆದ್ದು ಗಾಳಿಯಲ್ಲಿ ಅವಳಿಗಾಗಿ ಕಾಯುತ್ತಿತ್ತು. "ಅಲ್ಲೊಂದು," ಎನ್ನುತ್ತಿದ್ದರು ಗಂಡ ವೆಂಕಟರಮಣಪ್ಪ. ಕೋಲಿನ ತುದಿ ತೋರಿಸಿದ ಕಡೆ ಅವಳು ಹೋಗಿ ಕುಕ್ಕರುಗಾಲಲ್ಲಿ ಕೂರಬೇಕು. ಅಲ್ಲಿ ನಿಜವಾಗಿಯೂ ಒಂದು ಇರುತ್ತಿತ್ತು. ಮೆತ್ತಗಿನ ಲಾನಿನ ನಡುವೆ, ಉಳಿದ ಹುಲ್ಲಿಗಿಂತ ಗೇಣು ಎತ್ತರಕ್ಕೆ, ಯಾರ ಹಂಗೂ ಇಲ್ಲದವರ ಹಾಗೆ ಮಿರಮಿರ ಮಿಂಚುತ್ತ ನಿಂತ ಜೇಕು. ಹಿಡಿದು ಎಳೆದರೆ ದಂಟು ಟಕ್ಕೆಂದು ಮುರಿದು ಕೈಗೆ ಬರುತ್ತದೆ, ಗಡ್ಡೆ ಮಣ್ಣಿನೊಳಗೇ ಉಳಿಯುತ್ತದೆ. ಉಳಿದ ಗಡ್ಡೆ ನಾಳೆಯೋ ನಾಡಿದ್ದೋ ಮತ್ತೆ ತಲೆ ಎತ್ತುತ್ತದೆ, ಒಂಟಿಯಾಗಿ ಅಲ್ಲ, ಅಕ್ಕತಂಗಿಯರನ್ನು ಕರೆದುಕೊಂಡು. ಆ ಟಕ್ ಎನ್ನುವ ಸದ್ದು ಪೋರ್ಟಿಕೋದವರೆಗೆ ಕೇಳುವಂಥದ್ದಲ್ಲ. ಆದರೂ ಅವರಿಗೆ ಕೇಳುತ್ತಿತ್ತು. "ಗಡ್ಡೆ ಬರ್ಲಿಲ್ಲ," ಎನ್ನುತ್ತಿದ್ದರು, ಸ್ಟ್ರೋಕ್ ಆದಮೇಲೆ ಸ್ವಲ್ಪ ದಪ್ಪಗಾದ ನಾಲಗೆಯಲ್ಲಿ. "ರಿಜೆಕ್ಟ್."

ರಿಜೆಕ್ಟ್ ಎನ್ನುವುದು ಅವರಿಗೆ ಬಾಯಿಗೆ ಬಂದ ಮಾತಲ್ಲ, ಹೊಟ್ಟೆಪಾಡಿನ ಮಾತು. ಕಾರ್ಖಾನೆಯ ಮಷಿನ್ ಶಾಪಿನಲ್ಲಿ ರಿಟೈರಾಗುವವರೆಗೂ ಅವರು ಇನ್‌ಸ್ಪೆಕ್ಟರ್. ಒಂದು ಕೈಯಲ್ಲಿ ಅಳತೆ ನೋಡುವ ಗೇಜು, ಇನ್ನೊಂದರಲ್ಲಿ ಕೆಂಪು ಬಣ್ಣದ ಡಬ್ಬಿ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ತುಣುಕಿನ ನೆತ್ತಿಗೆ ಒಂದು ಕೆಂಪು ಬೊಟ್ಟು ಇಟ್ಟು ಪಕ್ಕಕ್ಕೆ ಸರಿಸುವುದು. ಮದುವೆಯಾದ ಹೊಸದರಲ್ಲಿ ಅವರ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಆ ಕೆಂಪು ನೋಡಿ ಅವಳು ಕುಂಕುಮವೆಂದುಕೊಂಡು, ಇಷ್ಟು ದೈವಭಕ್ತರೇ ಎಂದು ಹೆದರಿದ್ದಳು. ಈ ಲಾನು ಕೂಡ ಆ ಕಾರ್ಖಾನೆಯಿಂದಲೇ ಬಂದದ್ದು. ಅಡ್ಮಿನ್ ಬ್ಲಾಕಿನ ಮುಂದೆ ಒಂದು ಲಾನಿತ್ತಂತೆ, ಅದರ ಅಂಚಿಗೆ ಸುಣ್ಣ ಹೊಡೆದ ಕಲ್ಲು, ಆಫೀಸರುಗಳು ಮಾತ್ರ ಅದರ ಮೇಲೆ ನಿಂತು ಟೀ ಕುಡಿಯಬಹುದು. ಶಾಪಿನವರು ಸುತ್ತುಹಾಕಿ ಹೋಗಬೇಕು. ನಾಗಸಂದ್ರದ ಸೈಟಿನಲ್ಲಿ ಮನೆ ಕಟ್ಟಿಸಿದಾಗ ಎಲ್ಲರೂ ಮುಂದುಗಡೆ ಅಂಗಡಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟರೆ ಇವರು ಮಾತ್ರ ಹುಲ್ಲು ಹಾಕಿಸಿದರು. ನರ್ಸರಿಯವನು ಚಾಪೆಯ ಹಾಗೆ ಸುರುಳಿ ಸುತ್ತಿ ತಂದು ಹಾಸಿದ. ಆ ಚಾಪೆಯ ಅಡಿಯ ಮಣ್ಣಲ್ಲೇ ಜೇಕಿನ ಗಡ್ಡೆ ಬಂದಿತ್ತು. ತಮ್ಮ ಕೈಯಿಂದಲೇ ಪಾಸಾಗಿ ಒಳಗೆ ಬಂದ ಮಾಲು ಎನ್ನುವುದೇ ವೆಂಕಟರಮಣಪ್ಪನವರಿಗೆ ಈವತ್ತಿಗೂ ತಡೆಯಲಾಗದ ಸಂಗತಿ.

"ಬೇಗ ಬೇಗ ಮುಗಿಸು," ಎಂದರು. "ಸೀನ ಬರ್ತಾನೆ."

ಅದು ಗೊತ್ತಿದ್ದದ್ದೇ. ರಾತ್ರಿಯೆಲ್ಲ ಅವಳ ಎದೆಯ ಮೇಲೆ ಕೂತಿದ್ದದ್ದು ಅದೇ. ಶಾಪಿನಲ್ಲಿ ಅವರ ಕೈಕೆಳಗಿದ್ದ ಸೀನ, ಹಿಂದಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಅವರ ಹಳೇ ಸ್ಕೂಟರನ್ನು ತಳ್ಳಿಕೊಂಡು ಹೋಗಿ ರಿಪೇರಿ ಮಾಡಿಸಿ ಈವತ್ತು ತರುತ್ತಾನೆ. ಇವರು ಅದನ್ನು ಹತ್ತಿ, ಅವನನ್ನು ಹಿಂದೆ ಕೂರಿಸಿಕೊಂಡು, ಸರ್ವೀಸ್ ರೋಡಿನಲ್ಲಿ ಎಂಟನೇ ಮೈಲಿ ಸ್ಟಾಪಿನವರೆಗೆ ಹೋಗಿ ಟೀ ಕುಡಿದು ಬರುತ್ತಾರೆ. ಡಾಕ್ಟರೇ ಓಡಿಸಬಹುದು ಎಂದಿದ್ದಾರೆ. ಡಾಕ್ಟರು ಹಾಗೆ ಹೇಳಿದ್ದು ಪಂಕಜಾ ಹೇಳಿದ್ದನ್ನು ನಂಬಿ. ಸರ್ವೀಸ್ ರೋಡಿನಲ್ಲಿ ಪೀಣ್ಯದ ಲಾರಿಗಳು, ನೀರಿನ ಟ್ಯಾಂಕರುಗಳು, ರಾಂಗ್ ಸೈಡಿನಲ್ಲಿ ನುಗ್ಗುವ ಆಟೋಗಳು. ಅವಳು ಇನ್ನೊಂದು ಜೇಕಿಗೆ ಕೈ ಹಾಕಿದಳು. ಟಕ್.

"ಗಡ್ಡೆ ಬರ್ಲಿಲ್ಲ."

"ಬರುತ್ತೆ ಬಿಡ್ರೀ," ಎಂದಳು. ಏನು ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮಾತು ಹೀಗೆ ತನ್ನಷ್ಟಕ್ಕೆ ಬಾಯಿಂದ ಬಿದ್ದು ಹೋಗುವುದು ಈಚಿನ ಅಭ್ಯಾಸ. ಆಯಾಸವೋ ವಯಸ್ಸೋ. ಲಾನಿನ ಒಂದು ಬದಿಗೆ ಗೇಟಿನಿಂದ ಪೋರ್ಟಿಕೋದವರೆಗೆ ಸಿಮೆಂಟಿನ ದಾರಿ, ನಡುವೆ ಒಂದು ದಾಸವಾಳದ ಗಿಡ, ಅದರಾಚೆ ಪಕ್ಕದ ಮನೆಯ ಕಾಂಪೌಂಡಿನವರೆಗೆ ಇನ್ನರ್ಧ ಲಾನು. ಕುರ್ಚಿಯಲ್ಲಿ ಕೂತವರಿಗೆ ದಾರಿಯ ಕಡೆಯ ಅರ್ಧ ಬಲಕ್ಕೆ, ಕಾಂಪೌಂಡಿನ ಕಡೆಯದು ಎಡಕ್ಕೆ. ಬಲಗಡೆ ಒಂದು ಎಸಳು ತಪ್ಪಿದರೂ ಕೋಲು ಏಳುತ್ತಿತ್ತು. ಎಡಗಡೆ ಮೊಳಕಾಲೆತ್ತರ ಜೇಕು, ತುದಿಯಲ್ಲಿ ಕಂದು ಹೂವು ಬಿಟ್ಟುಕೊಂಡು, ಗಾಳಿಗೆ ಒಂದಕ್ಕೊಂದು ತಲೆ ತಾಗಿಸಿ ಪಿಸುಗುಡುತ್ತಿತ್ತು. ಮೊದಮೊದಲು ಅವಳು ಅಂದುಕೊಂಡದ್ದು, ಪಾಪ, ನನ್ನ ಮಂಡಿನೋವು ನೋಡಿ ಆ ಕಡೆಯದನ್ನು ಬಿಟ್ಟುಕೊಟ್ಟಿದ್ದಾರೆ ಅಂತ. ಬಾಯಿಬಿಟ್ಟು ಹೇಳುವ ಗಂಡಸಲ್ಲ, ಹೀಗೆ ತೋರಿಸುತ್ತಿದ್ದಾರೆ ಅಂತ. ಆ ಕೃತಜ್ಞತೆಯಲ್ಲಿ ಎಷ್ಟೋ ದಿನ ಅವಳು ಬಲಗಡೆಯದನ್ನು ಇನ್ನಷ್ಟು ಶ್ರದ್ಧೆಯಿಂದ ಕಿತ್ತಳು, ಕಾಫಿಗೆ ಸ್ವಲ್ಪ ಹೆಚ್ಚು ಡಿಕಾಕ್ಷನ್ ಹಾಕಿದಳು. ಪಾತ್ರೆ ತೊಳೆಯಲು ಬರುವ ಶೇಖವ್ವ ಒಂದು ಬೆಳಿಗ್ಗೆ ಬಕೆಟ್ಟು ಹಿಡಿದು ನಿಂತು ಕೇಳಿದಳು: "ಅಲ್ರೀ ಅಕ್ಕಾರ, ಈ ಕಡೀದು ಬೋಳು ಮಾಡೀರಿ, ಆ ಕಡೀದು ಹಂಗ ಅಡವಿ ಬಿಟ್ಟೀರಲ್ಲ, ಯಾಕ್ರೀ?"

"ಅದು ನಮ್ಮನೆಯವ್ರು ಬಿಡು ಅಂದಿದಾರೆ."

"ಅಯ್ಯ, ಸಾಹೇಬ್ರು ಅರ್ಧ ತಲಿ ಕಟಿಂಗ್ ಮಾಡಿಸ್ಕೊಂಡಾರ ಅನ್ರಿ," ಎಂದು ಶೇಖವ್ವ ನಕ್ಕಳು. ಕುರ್ಚಿಯಲ್ಲಿದ್ದವರು ಕೇಳಿಸಿಕೊಂಡು, "ಯಾರೇ ಅದು ಅರ್ಧ ತಲೆ?" ಎಂದರು. ಶೇಖವ್ವ ನಿಂತಿದ್ದದ್ದು ಅವರ ಎಡಮಗ್ಗುಲಲ್ಲಿ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರ. ವೆಂಕಟರಮಣಪ್ಪ ಅವಳನ್ನು ಹುಡುಕಿದ್ದು ಗೇಟಿನ ಕಡೆ, ಬಲಗಡೆ. ಕಣ್ಣು ಗೇಟಿನವರೆಗೆ ಹೋಯಿತು, ದಾರಿಯುದ್ದ ವಾಪಸು ಬಂತು, ಅಲ್ಲೇ ನಿಂತಿತು. "ಹೋದ್ಲಾ?" ಎಂದರು. ಶೇಖವ್ವ ಬಾಯಿಗೆ ಸೆರಗು ಒತ್ತಿಕೊಂಡು ಇದೇನೋ ತಮಾಷೆಯೆಂದು ಒಳಗೆ ಓಡಿದಳು. ಪಂಕಜಾ ಕೈಯಲ್ಲಿದ್ದ ಜೇಕಿನ ಕಟ್ಟು ಹಿಡಿದುಕೊಂಡೇ ನಿಂತಳು. ಕೃತಜ್ಞತೆ ಎನ್ನುವುದು ಹೊಟ್ಟೆಯೊಳಗಿಂದ ಇಳಿದು ಹೋಗುವಾಗ ಹೇಗಿರುತ್ತದೆ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಅವರು ಬಿಟ್ಟುಕೊಟ್ಟಿರಲಿಲ್ಲ. ಅವರ ಪಾಲಿಗೆ ಆ ಕಡೆ ಎನ್ನುವುದೇ ಇರಲಿಲ್ಲ.

ಆಮೇಲೆ ಒಂದೊಂದೇ ಬಿಡಿಸಿಕೊಂಡವು. ಎಲೆಯ ಎಡತುದಿಗೆ ಬಡಿಸಿದ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಗೇ ಉಳಿಯುತ್ತಿದ್ದದ್ದು. ಬಿ.ಪಿ. ಎಂದು ಉಪ್ಪಿನಕಾಯಿ ಬಿಟ್ಟಿದ್ದಾರೆ ಎಂದು ಅವಳೇ ಮಗಳಿಗೆ ಫೋನಿನಲ್ಲಿ ಹೊಗಳಿದ್ದಳು. ದೊಡ್ಡನೆಕ್ಕುಂದಿಯಲ್ಲಿರುವ ದೀಪಶ್ರೀ ಅದನ್ನು ನೆಂಟರ ಗ್ರೂಪಿಗೆಲ್ಲ ಹಾಕಿ, "ಅಪ್ಪನ ವಿಲ್ ಪವರ್ ನೋಡಿ ಕಲೀರಿ" ಎಂದು ಬರೆದಿದ್ದಳು. ಹಬ್ಬದ ದಿನ ಅದೇ ಉಪ್ಪಿನಕಾಯಿ ಯಾರದೋ ಕೈ ತಪ್ಪಿ ಬಲಗಡೆಗೆ ಬಿದ್ದಾಗ ವಿಲ್ ಪವರಿನವರು ಬೆರಳು ಚೀಪಿಕೊಂಡು ತಿಂದಿದ್ದರು. ಗಡ್ಡ ಮಾಡಿಕೊಂಡು ಬಂದಮೇಲೂ ಎಡಗೆನ್ನೆಯಲ್ಲಿ ಉಳಿಯುತ್ತಿದ್ದ ಬಿಳಿ ಕೂಳೆ. ಗೇಟಿಗೆ ಎಡಭುಜ ತಗಲಿಸಿಕೊಂಡು, ಗೇಟು ಹಾಕಿದವನ ವಂಶವನ್ನೇ ಬೈದದ್ದು. ಅವಳು ಎಡಮಗ್ಗುಲಲ್ಲಿ ನಿಂತು ಮಾತಾಡಿಸಿದಾಗಲೆಲ್ಲ ಅವರು ಮುಖ ತಿರುಗಿಸದೆ ಇದ್ದದ್ದು, ಅದಕ್ಕಾಗಿ ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು. ಆ ಅಳುವೆಲ್ಲ ದಂಡವಾಯಿತಲ್ಲ ಎಂದು ನಗುವೂ ಬಂದಿತ್ತು.

ತಿಳಿದ ದಿನವೇ ಹೇಳಬೇಕಾಗಿತ್ತು. ಹೇಳಬೇಕೆಂದೇ ಅವಳು ಕೈತೊಳೆದುಕೊಂಡು ಪೋರ್ಟಿಕೋಗೆ ಬಂದಳು, ಎಡಗಡೆಯಿಂದ. ಹೇಗೆ ಶುರು ಮಾಡುವುದೆಂದು ತಿಳಿಯದೆ ಜಗಲಿಯ ಅಂಚಿನಲ್ಲಿ, ಜೇಕಿನ ಮಧ್ಯೆ ಕಾಲು ಇಳಿಬಿಟ್ಟು ಕೂತಳು. ಅವರು ಕೂಗಿದರು: "ಪಂಕಜಾ." ಇಲ್ಲೇ ಇದೀನಿ ಎನ್ನುವ ಬದಲು ಅವಳು ಕಾಲನ್ನು ಜೇಕಿನೊಳಗೆ ಇನ್ನಷ್ಟು ಇಳಿಬಿಟ್ಟಳು. ಮತ್ತೆ ಕೂಗಿದರು. ಬಲಗಡೆ ನೋಡಿದರು, ಒಳಬಾಗಿಲ ಕಡೆ ನೋಡಿದರು, "ಎಲ್ಲಿಗೆ ಹೋದ್ಲೋ" ಎಂದು ತಮಗೇ ಹೇಳಿಕೊಂಡು ಸುಮ್ಮನಾದರು. ಆ ಸುಮ್ಮನಾಗುವಿಕೆ ಅವಳ ಮೈಮೇಲೆ ಒದ್ದೆ ಬಟ್ಟೆಯ ಹಾಗೆ ತಂಪಾಗಿ ಇಳಿಯಿತು. ಎಷ್ಟು ವರ್ಷವಾಗಿತ್ತು, ಯಾರೂ ಏನೂ ಕೇಳದೆ, ಯಾರ ಕಣ್ಣಿಗೂ ಬೀಳದೆ ಕೂತು. ಸಂಜೆ ಬಿಸಿಲು, ಜೇಕಿನ ಹೂವು, ದೂರದಲ್ಲಿ ಮೆಟ್ರೋ ಹೋದ ಸದ್ದು. ಕೆಳಕ್ಕೆ ಜಾರಿ ಹುಲ್ಲಿನಲ್ಲೇ ಕೂತಳು. ಕಾಲಿನ ಹೆಬ್ಬೆರಳು ಮಣ್ಣು ಕೆದಕಿ ಒಂದು ಗಡ್ಡೆ ಮೇಲೆ ಬಂತು. ಉಜ್ಜಿ ಮೂಸಿದಳು. ಮಾಗಡಿಯಲ್ಲಿ ಅಜ್ಜಿ ಇದನ್ನೇ ಒಣಗಿಸಿ, ತುಂಗೆಗಡ್ಡೆ ಎಂದು ಕರೆದು, ಸೀಗೆಪುಡಿಗೆ ಬೆರೆಸುತ್ತಿದ್ದಳು, ಸೀರೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಭಾನುವಾರದ ಎಣ್ಣೆಸ್ನಾನದ ವಾಸನೆ. ಇಷ್ಟು ದಿನ ತಾನು ಬುಟ್ಟಿಗಟ್ಟಲೆ ಕಿತ್ತು ಬಿಸಾಕಿದ್ದು ಇದನ್ನೇ ಎಂದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಮಾರನೇ ದಿನವೂ ಕೂತಳು. ಆಮೇಲೆ ಕಾಫಿ ಲೋಟ ಹಿಡಿದುಕೊಂಡು ಬಂದು ಕೂತಳು. ಕೂತು ಕೂತು ಅಲ್ಲಿ ಹುಲ್ಲು ಒರಗಿ ಒಂದು ಗೂಡಿನಂತಾಯಿತು. ಕೆಲವು ಸಲ ಅಲ್ಲೇ ಕಂಬಕ್ಕೆ ಒರಗಿ ನಿದ್ದೆ ಮಾಡಿದ್ದೂ ಉಂಟು. ಗಂಡ ಕೂಗುತ್ತಿದ್ದರು, ಅವಳು ಕಣ್ಣು ಮುಚ್ಚಿಯೇ ಇರುತ್ತಿದ್ದಳು. ನಾನು ಎಲ್ಲಿಗೂ ಹೋಗಿಲ್ಲವಲ್ಲ, ಕೈಗೆಟುಕುವಲ್ಲೇ ಇದ್ದೇನಲ್ಲ ಎಂದು ಒಳಗೊಳಗೇ ವಾದ ಮಾಡಿಕೊಳ್ಳುತ್ತಿದ್ದಳು. ಅವರು ತಾವೊಬ್ಬರೇ ಇದ್ದೇವೆಂದುಕೊಂಡಾಗ ಮಾಡುವುದನ್ನೆಲ್ಲ ಅವಳು ನೋಡುವಂತಾಯಿತು. ಲುಂಗಿಯೊಳಗೆ ಕೈ ಹಾಕಿ ಕೆರೆದುಕೊಳ್ಳುವುದು, ಸತ್ತುಹೋದ ಫೋರ್‌ಮನ್ನನ್ನು ಬೈಯುವುದು. ಒಂದು ದಿನ ನೋಡುತ್ತಾಳೆ, ಬಲಗಾಲು ಎತ್ತಿ ಖಾಲಿ ಗಾಳಿಯನ್ನು ಜೋರಾಗಿ ಒದೆಯುತ್ತಿದ್ದಾರೆ. ಮತ್ತೊಮ್ಮೆ ಒದ್ದರು. ಬಲಗೈ ಮುಷ್ಟಿ ನಿಧಾನವಾಗಿ ತಿರುಗಿತು. ಸೋತ ಎಡಗೈಯನ್ನು ಬಲಗೈಯಿಂದ ಎತ್ತಿ ಮುಂದೆ ಇಟ್ಟುಕೊಂಡು, ಬೆರಳುಗಳನ್ನು ಮಡಚಿಸಿ, ಮಣಿಕಟ್ಟನ್ನು ತಿರುಗಿಸಲು ನೋಡಿದರು. ಕ್ಲಚ್ಚು. ಗೇರು. ತುಟಿ "ಡುರ್ ಡುರ್" ಎನ್ನುತ್ತಿತ್ತು, ಮಗುವಿನ ಹಾಗೆ. ಹಣೆಯಲ್ಲಿ ಬೆವರು. ಅವಳು ಎದ್ದು ಹೋಗಬೇಕೆಂದುಕೊಂಡಳು. ಎದ್ದರೆ ಸದ್ದಾಗುತ್ತದೆ, ಇಲ್ಲಿದ್ದೆನೆಂದು ಗೊತ್ತಾಗುತ್ತದೆ. ಅವರು ಎಂಟನೇ ಮೈಲಿ ತಲುಪಿ ಗಾಡಿ ನಿಲ್ಲಿಸುವವರೆಗೆ ಉಸಿರು ಬಿಗಿಹಿಡಿದು ಕೂತೇ ಇದ್ದಳು. ಗಂಡನ ಜೇಬಿಗೆ ಕೈಹಾಕಿದವಳಿಗೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕಳೆದ ತಿಂಗಳು ಚೆಕಪ್ಪಿಗೆ ಹೋದಾಗ ಡಾಕ್ಟರು ಕೈ ಹಿಚುಕಿಸಿದರು, ನಡೆಸಿದರು, ಗೋಡೆಯ ಅಕ್ಷರ ಓದಿಸಿದರು. ಚಿಕ್ಕ ವಯಸ್ಸಿನವರು, ಹೊರಗೆ ಸಾಲು ಸಾಲು ಜನ. "ಇವ್ರಿಗೆ ಆಗಿರೋ ಜಾಗದ ಸ್ಟ್ರೋಕಲ್ಲಿ ಕೆಲವ್ರಿಗೆ ಒಂದು ಕಡೆ ಗಮನ ಹೋಗಲ್ಲಮ್ಮ. ತಟ್ಟೇಲಿ ಅರ್ಧ ಬಿಡೋದು, ಬಾಗಿಲಿಗೆ ತಗಲೋದು, ಹಂಗೇನಾದ್ರೂ ನೋಡಿದೀರಾ? ಇದ್ರೆ ಹೇಳಿ. ಎಡಗಡೇನೇ ಕೂತು ಮಾತಾಡಿಸ್ಬೇಕು, ಆ ಕಡೆ ತಿರುಗಿ ನೋಡೋ ಅಭ್ಯಾಸ ಮಾಡಿಸ್ಬೇಕು." ಅವಳು ಗೋಡೆಯ ಟ್ಯೂಬ್‌ಲೈಟನ್ನು ನೋಡಿದಳು. ಎಡಗಡೆಗೆ ತಿರುಗಿಸುವುದೆಂದರೆ ಆ ಗೂಡಿನ ಕಡೆಗೆ ತಿರುಗಿಸುವುದು. ಅಲ್ಲಿಗೂ ಕೋಲು ಬರುತ್ತದೆ. ಅಲ್ಲೊಂದು. ಅಲ್ಲೊಂದು. "ಇಲ್ಲ ಸಾರ್," ಎಂದಿತು ಅವಳ ಬಾಯಿ. ಗಂಡ ಹೆಮ್ಮೆಯಿಂದ, "ಕಣ್ಣು ಫಸ್ಟ್ ಕ್ಲಾಸ್ ಡಾಕ್ಟ್ರೇ, ಒಂದು ಜೇಕು ಬಿಡಲ್ಲ, ಕೇಳಿ ಇವಳನ್ನ. ಸ್ಕೂಟರ್ ಓಡಿಸ್ಬಹುದಲ್ಲ?" ಎಂದರು. "ನಿಧಾನಕ್ಕೆ ಶುರು ಮಾಡಿ, ಯಜಮಾನ್ರೆ." ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವರು ಅವಳ ಭುಜ ಹಿಡಿದುಕೊಂಡಿದ್ದರು. ಆ ಕೈ ಎಷ್ಟು ಹಗುರವಾಗಿ, ಎಷ್ಟು ಖುಷಿಯಾಗಿ ಇತ್ತೆಂದರೆ, ಅವಳಿಗೆ ಅದನ್ನು ಕೊಡವಿಬಿಡಬೇಕು ಎನ್ನಿಸಿತ್ತು.

ಗೇಟಿನಾಚೆ ಸ್ಕೂಟರಿನ ಸದ್ದು ಬಂತು. ಕಿತ್ತ ಜೇಕು ತುಂಬಿದ ನೀಲಿ ಬಕೆಟ್ಟು ಎತ್ತಿಕೊಂಡು ಪಂಕಜಾ ಎದ್ದಳು. ಸಿಮೆಂಟು ದಾರಿಗೆ ಬಂದು ಅದನ್ನು ಕೆಳಗಿಟ್ಟು ಗೇಟು ತೆಗೆಯಲು ಹೋದಳು. ಎಲ್ಲಿ ಇಟ್ಟೆ ಎನ್ನುವುದನ್ನು ಆಗ ಯೋಚಿಸಿರಲಿಲ್ಲ. ಅಥವಾ ಯೋಚಿಸಿದ್ದಳೇನೋ. ಆಮೇಲೆ ಎಷ್ಟು ಕೇಳಿಕೊಂಡರೂ ಅವಳಿಗೆ ಅದು ತಿಳಿಯಲೇ ಇಲ್ಲ.

"ಅತ್ತಿಗೆ, ಆರತಿ ತಟ್ಟೆ ಎಲ್ಲಿ?" ಎಂದ ಸೀನ. ಕೂದಲಿಗೆ ಕಪ್ಪು ಹಚ್ಚಿ ಮೀಸೆಗೆ ಮರೆತ ಮನುಷ್ಯ. "ಸತ್ತೋಗಿದ್ದೋನ್ನ ಎಬ್ಬಿಸ್ಕೊಂಡು ಬಂದಿದೀನಿ. ಮೆಕ್ಯಾನಿಕ್ ಅಂದ, ಸಾರ್ ಇದನ್ನ ಮ್ಯೂಸಿಯಮ್ಮಿಗೆ ಕೊಡಿ ಅಂತ. ಮುಚ್ಚೋ ಬಾಯಿ, ಇದು ನಮ್ಮ ಗುರುದು ಅಂದೆ." ಹೆಡ್‌ಲೈಟಿನ ಮೇಲೆ ಎಂದಿನದೋ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಅವನು ಗಾಡಿಯನ್ನು ಪೋರ್ಟಿಕೋದ ಹತ್ತಿರದವರೆಗೆ ತಳ್ಳಿಕೊಂಡು ಹೋಗಿ ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿದ.

ವೆಂಕಟರಮಣಪ್ಪ ಎದ್ದು ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಕಾಲಿಗೆ ಬೂಟು. ಎಡಗೆನ್ನೆಯಲ್ಲಿ ಕೂಳೆ. ಊರುಗೋಲನ್ನು ಅವಳ ಕೈಗೆ ಕೊಟ್ಟರು, ನೋಡದೆಯೇ, ಶಾಪಿನಲ್ಲಿ ಹೆಲ್ಪರಿಗೆ ಗೇಜು ಕೊಡುವ ಹಾಗೆ. ಸೀಟಿನ ಮೇಲೆ ಅಂಗೈ ಆಡಿಸಿದರು.

"ಟೀ ಕುಡ್ದು ಬರೋದಲ್ವಾ, ಸೀನ ಓಡಿಸ್ಲಿ ಬಿಡಿ ಈವತ್ತು," ಎಂದಳು ಪಂಕಜಾ.

"ಯಾಕೆ? ಡಾಕ್ಟ್ರು ಹೇಳಿಲ್ವಾ?"

"ಹೇಳಿದಾರೆ."

"ಮತ್ತೆ?"

"ರೋಡು ಸರಿ ಇಲ್ಲ ಅಂತ."

"ನಾಗಸಂದ್ರದ ರೋಡು ಯಾವತ್ತು ಸರಿ ಇತ್ತು ಅತ್ತಿಗೆ," ಎಂದ ಸೀನ. "ಅದಕ್ಕೆ ಅಂತ ಕಾದ್ರೆ ನಮ್ಮಿಬ್ರುನ್ನೂ ವ್ಯಾನಲ್ಲಿ ಮಲಗಿಸ್ಕೊಂಡೇ ಕರ್ಕೊಂಡ್ಹೋಗ್ಬೇಕು. ಕೂತ್ಕೋ ಗುರು. ನಾನಿಲ್ಲಿ ಹಿಡ್ಕೊಂಡಿದೀನಿ."

ಅವರು ಕೂತರು, ಈಗ ಕೊಂಚ ಹಿಡಿತ ಬಂದಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ಕ್ಲಚ್ಚಿನ ಮೇಲೆ ಇಟ್ಟುಕೊಂಡರು. ಬಲಗಾಲು ಎತ್ತಿ ಒದ್ದರು. ಗೊರ್ ಎಂದು ಸುಮ್ಮನಾಯಿತು. ಮತ್ತೆ ಒದ್ದರು. ಇನ್ನೊಂದು ಸಲ ಒದ್ದಾಗ ಹೊಗೆ ಉಗುಳಿಕೊಂಡು ಅದು ಹತ್ತಿಕೊಂಡಿತು. ವೆಂಕಟರಮಣಪ್ಪನವರ ಮುಖ ನೋಡಿ ಪಂಕಜಾ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮದುವೆಯಾದ ವರ್ಷ ಇದೇ ಗಾಡಿಯಲ್ಲಿ ಅವಳನ್ನು ಶಿವಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು, ದಾಬಸ್‌ಪೇಟೆ ದಾಟುವವರೆಗೂ ಒಂದು ಮಾತಾಡಿರಲಿಲ್ಲ, ಆಮೇಲೆ ತಲೆ ತಿರುಗಿಸದೆ, "ಭಯ ಆಗುತ್ತಾ?" ಎಂದು ಕೇಳಿದ್ದರು. ಇಲ್ಲ ಎಂದಿದ್ದಳು. ಆಗಲೂ ಸುಳ್ಳೇ ಹೇಳಿದ್ದಳು. ಈಗ ಹೇಳಬೇಕು, ಈಗ, ಗೇಟು ತೆರೆದೇ ಇದೆ. ಸೀನ ಹಿಂದೆ ಹತ್ತಲು ಒಂದು ಕಾಲು ಎತ್ತಿದ್ದ. "ಸ್ವಲ್ಪ ತಡಿ, ಒಂದು ರೌಂಡು ಒಬ್ನೇ ನೋಡ್ತೀನಿ," ಎಂದು ಇವರು ಗಾಡಿ ಬಿಟ್ಟರು. ಸ್ಕೂಟರು ಹೆಣ್ಣು ನೋಡಲು ಹೋದವರ ಹಾಗೆ ನಿಧಾನವಾಗಿ, ಗಂಭೀರವಾಗಿ ಮುಂದೆ ಸರಿಯಿತು. ದಾರಿಯ ಎಡ ಅಂಚಿನಲ್ಲಿ, ಬಿಸಿಲಲ್ಲಿ, ಮಗುವಿನಷ್ಟೆತ್ತರ ನೀಲಿ ಬಕೆಟ್ಟು ನಿಂತಿತ್ತು. ಅದಕ್ಕಿಂತ ನೀಲಿ ವಸ್ತು ಆ ಬೀದಿಯಲ್ಲೇ ಇರಲಿಲ್ಲ. ಆ ಒಂದು ಗಳಿಗೆಯಲ್ಲಿ ಅವಳೊಳಗೆ ಇಬ್ಬರು ಹೆಂಗಸರಿದ್ದರು, ಕೂಗುವವಳು ಮತ್ತು ಏನಾಗುತ್ತದೋ ನೋಡೋಣ ಎಂದು ಗೂಡಿನಲ್ಲಿ ಕೂತವಳು. ಮುಂದಿನ ಚಕ್ರ ನೇರ ಹೋಗಿ ಬಕೆಟ್ಟಿಗೆ ಹೊಡೆಯಿತು.

ಬಕೆಟ್ಟು ಉರುಳಿತು, ಜೇಕು ದಾರಿಯ ತುಂಬ ಚೆಲ್ಲಿತು, ಗಾಡಿ ಕುಂಟಿ ಆಫ್ ಆಯಿತು. ಸೀನ ಓಡಿ ಬಂದು ಸೀಟು ಹಿಡಿದುಕೊಂಡ. ವೆಂಕಟರಮಣಪ್ಪ ಎರಡೂ ಕಾಲು ನೆಲಕ್ಕೆ ಊರಿ, "ಏನದು? ಯಾರು ಹೊಡೆದಿದ್ದು?" ಎನ್ನುತ್ತ ನೋಡುತ್ತಿದ್ದರು, ಬಲಗಡೆ. ಬಲಗಡೆ ಬರೀ ಗೋಡೆಯಿತ್ತು.

"ಬಕೆಟ್ಟು ಗುರು. ಕಾಣ್ಲಿಲ್ವಾ? ಆನೆಯಂಗೆ ನಿಂತಿತ್ತಲ್ಲೋ."

"ಎಲ್ಲಿ?" ಎಂದರು.

ಸೀನ ನಗಲು ಹೊರಟವನು ಅವರ ಕಣ್ಣು ಹುಡುಕುತ್ತಿದ್ದ ಕಡೆ ನೋಡಿ, ಚೆಲ್ಲಿದ ಜೇಕನ್ನು ನೋಡಿ, ಪಂಕಜಳನ್ನು ನೋಡಿದ. ಅವನ ಬಾಯಿ ಮುಚ್ಚಿದ್ದನ್ನು ಅವಳು ಮೊದಲ ಸಲ ಕಂಡದ್ದು. ಇಬ್ಬರೂ ಸೇರಿ ಅವರನ್ನು ಇಳಿಸಿ ಕುರ್ಚಿಗೆ ತಂದು ಕೂರಿಸಿದರು. ನೀರು ಕೊಟ್ಟಳು. "ಯಾರಿಟ್ರು ಅದನ್ನ ಅಲ್ಲಿ?" ಎಂದರು. "ನಾನೇ," ಎಂದಳು. ಆಮೇಲೆ ಅವಳು ಅವರ ಎಡಮಗ್ಗುಲಿಗೆ ಹೋಗಿ, ಮೊಳಕಾಲೂರಿ, ಕೂಳೆಯಿದ್ದ ಕೆನ್ನೆಯ ಕೆಳಗೆ ಕೈಯಿಟ್ಟು ಗದ್ದವನ್ನು ತನ್ನ ಕಡೆಗೆ ತಿರುಗಿಸಿದಳು. ಕುತ್ತಿಗೆ ಗಟ್ಟಿಯಾಗಿತ್ತು, ಬಹಳ ದಿನ ತೆಗೆಯದ ಕಿಟಕಿಯ ಹಾಗೆ. ಬಲವಾಗಿ ತಿರುಗಿಸಬೇಕಾಯಿತು. "ನೋಡಿ," ಎಂದಳು.

ನೋಡಿದರು. ಗಾಳಿಗೆ ಜೇಕು ಉದ್ದಕ್ಕೂ ಬಾಗಿ ಎದ್ದಿತು. ಅಷ್ಟು ದೊಡ್ಡದೊಂದು ಹಸಿರು ಒಮ್ಮೆಗೇ ಮೈಮೇಲೆ ಬಂದವರಂತೆ ಅವರು ಕುರ್ಚಿಯ ಕೈ ಹಿಡಿದುಕೊಂಡರು.

"ಯಾರ ಮನೇದು ಇದು?" ಎಂದರು.

"ನಮ್ಮದೇ."

"ನಮ್ಮದಾ." ಕಣ್ಣು ಜೇಕಿನ ಉದ್ದಕ್ಕೂ ಹೋಗಿ ಬಂತು. "ನಾನು ಹೇಳ್ಲೇ ಇಲ್ವಾ ಕೀಳು ಅಂತ?"

"ಇಲ್ಲ. ಈ ಕಡೆ ನೀವು ಯಾವತ್ತೂ ಹೇಳ್ಲಿಲ್ಲ."

ಅವರು ಕೈ ಚಾಚಿದರು. ಅವಳು ಊರುಗೋಲು ಕೊಟ್ಟಳು. ಕೋಲಿನ ತುದಿ ಜೇಕಿನ ಮೇಲೆ ನಿಧಾನವಾಗಿ ಹರಿದಾಡಿ, ಜಗಲಿಯ ಅಂಚಿನ ಹತ್ತಿರ ಹುಲ್ಲು ಒರಗಿ ಗೂಡಾಗಿದ್ದ ಜಾಗಕ್ಕೆ ಬಂದು ನಿಂತಿತು. ತುಣುಕೊಂದನ್ನು ಬೆಳಕಿಗೆ ಹಿಡಿದು ನೋಡುವ ಹಳೆಯ ಕಣ್ಣು. "ಇಲ್ಲಿ ಯಾರೋ ಕೂತ್ಕೋತಾರೆ," ಎಂದರು.

"ಬೀದಿ ನಾಯಿ ಇರ್ಬೇಕು ಗುರು," ಎಂದ ಸೀನ ಬೇಗ ಬೇಗ. "ತಂಪಾಗಿರುತ್ತಲ್ಲ, ಬಂದು ಮಲಕೊಂಡು ಹೋಗುತ್ತೆ."

ಕೋಲು ಹುಲ್ಲನ್ನು ಬಿಡಿಸಿತು. ಬುಡದಲ್ಲಿ ಸ್ಟೀಲಿನ ಲೋಟವೊಂದು ಅಡ್ಡ ಬಿದ್ದಿತ್ತು, ತಳದಲ್ಲಿ ಒಣಗಿದ ಕಾಫಿ. "ನಾಯಿ ಕಾಫಿ ಕುಡಿಯುತ್ತೇನೋ ಸೀನ?" ಎಂದರು ವೆಂಕಟರಮಣಪ್ಪ.

ಪಂಕಜಾ ಇನ್ನೂ ಮೊಳಕಾಲೂರಿಯೇ ಇದ್ದಳು. ಅವರು ಅವಳನ್ನು ನೋಡಿದರು. ಈ ಕಡೆಯಿಂದ, ಇಷ್ಟು ಹತ್ತಿರದಿಂದ, ಅವರ ದೃಷ್ಟಿ ತನ್ನ ಮೇಲೆ ಬೀಳುವುದು ಎಷ್ಟು ಭಾರವೆಂದು ಅವಳು ಮರೆತೇಬಿಟ್ಟಿದ್ದಳು.

"ನಾನು ಕರೆದಾಗ?"

"ಇಲ್ಲೇ ಇರ್ತಿದ್ದೆ."

"ಎಲ್ಲಾ ಸಲಾನೂ?"

"ಡಾಕ್ಟ್ರು ಕೇಳಿದಾಗ್ಲೂ ಗೊತ್ತಿತ್ತು," ಎಂದಳು, ಅವರು ಕೇಳದೆ ಇದ್ದದ್ದನ್ನೂ ಸೇರಿಸಿ. "ಹೇಳ್ಬೇಕಿತ್ತು. ಸುಸ್ತಾಗಿತ್ತು ರೀ."

ಬೈಯುತ್ತಾರೆಂದು ಕಾದಳು. ಅವರು ತಮ್ಮ ಬಲಗಾಲಿನ ಬೂಟನ್ನು ನೋಡಿಕೊಂಡರು. ಖಾಲಿ ಗಾಳಿಯನ್ನು ಒದೆಯುತ್ತಿದ್ದ ಕಾಲು. ಅದನ್ನು ಮೆಲ್ಲಗೆ ಕುರ್ಚಿಯ ಅಡಿಗೆ ಎಳೆದುಕೊಂಡರು, ಪ್ಯಾಂಟಿನ ತುದಿಯಿಂದ ಮುಚ್ಚಿಕೊಂಡರು. ತಾನು ಅದನ್ನೂ ನೋಡಿದ್ದೇನೆಂದು ಅವರಿಗೆ ಗೊತ್ತಾಯಿತು ಎಂದು ಅವಳಿಗೆ ಗೊತ್ತಾಯಿತು.

"ಸೀನ, ಗಾಡಿ ನೀನೇ ತಗೊಂಡ್ಹೋಗು," ಎಂದರು. "ದಿನಾ ಸ್ಟಾರ್ಟ್ ಮಾಡು. ಬಿಟ್ರೆ ಜಾಮ್ ಆಗುತ್ತೆ."

"ನಾಳೆ ಡಾಕ್ಟ್ರ ಹತ್ರ ಹೋಗಣ ಗುರು. ಅಭ್ಯಾಸ ಮಾಡಿದ್ರೆ ಸರಿ ಹೋಗುತ್ತೆ ಅಂತಾರೆ. ಅತ್ತಿಗೆ, ಈ ಕುರ್ಚಿ ಸ್ವಲ್ಪ ಆ ಕಡೆಗೆ ತಿರುಗಿಸಿ ಹಾಕ್ಬಿಡಣ, ಪೂರ್ತಿ ಕಾಣುತ್ತೆ." ಅವನು ಆಗಲೇ ಕುರ್ಚಿಯ ಬೆನ್ನು ಹಿಡಿದಿದ್ದ.

"ಬೇಡ ಬಿಡು," ಎಂದರು ವೆಂಕಟರಮಣಪ್ಪ. "ಡಾಕ್ಟ್ರ ಹತ್ರ ಹೋಗಣ. ಕುರ್ಚಿ ಇದ್ದಂಗೇ ಇರ್ಲಿ."

ಸೀನ ಹೋದ. ತಿರುವು ದಾಟುವವರೆಗೂ ಸ್ಕೂಟರಿನ ಸದ್ದು ಕೇಳಿಸಿಕೊಂಡರು. ಶೇಖವ್ವ ಬಂದು ದಾರಿಯಲ್ಲಿ ಚೆಲ್ಲಿದ್ದನ್ನು ಗುಡಿಸಿ, ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು. ಅವರ ಮುಖ ಯಾವಾಗಲೋ ತಾನಾಗಿ ಬಲಕ್ಕೆ ಹೊರಳಿತ್ತು. ಬಲಗಡೆಯ ಲಾನಿನಲ್ಲಿ ಒಂದೆರಡು ಜೇಕು ಉಳಿದಿದ್ದವು, ಅವಳಿಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿರಲೇಬೇಕು. ಕೋಲು ತೊಡೆಯ ಮೇಲೆ ಅಡ್ಡ ಮಲಗಿಯೇ ಇತ್ತು. ಪಂಕಜಾ ಲೋಟ ಎತ್ತಿಟ್ಟಳು. ಒಳಗೆ ಹೋಗಬೇಕು, ಅನ್ನಕ್ಕಿಡಬೇಕು, ದೀಪಶ್ರೀಗೆ ಫೋನು ಮಾಡಿ ಉಪ್ಪಿನಕಾಯಿಯ ವಿಷಯ ಹೇಗೆ ಹೇಳುವುದು. ಆದರೂ ಅಲ್ಲೇ, ಆ ಗೂಡಿನಲ್ಲೇ, ಜಾರಿ ಕೂತಳು. ಈಗ ಅದು ಅಡಗುವ ಜಾಗವಾಗಿರಲಿಲ್ಲ, ಬರೀ ಹುಲ್ಲಾಗಿತ್ತು, ಅಡಿಯಿಂದ ಸ್ವಲ್ಪ ಚುಚ್ಚುತ್ತಿತ್ತು. ಅವರು ಕರೆಯುತ್ತಾರೇನೋ ಎಂದು ಕಾದಳು. ಕರೆದರೆ ಓ ಎನ್ನಬೇಕೆಂದು ಸಿದ್ಧವಾಗಿಯೂ ಇದ್ದಳು. ಅವರು ಕರೆಯಲಿಲ್ಲ. ಮೆಟ್ರೋ ಒಂದು ಹೋಯಿತು, ಇನ್ನೊಂದು ಬಂತು. ಸುಮ್ಮನೆ ಕೂರಲಾರದ ಕೈ, ಪಕ್ಕದಲ್ಲಿದ್ದ ದಂಟೊಂದನ್ನು ಬೆರಳಿಗೆ ಸುತ್ತಿಕೊಂಡು, ಎಳೆಯಿತು. ಟಕ್.

ಕುರ್ಚಿಯಲ್ಲಿದ್ದವರು ಗೇಟಿನ ಕಡೆಯೇ ನೋಡುತ್ತಿದ್ದರು.

"ಗಡ್ಡೆ ಬರ್ಲಿಲ್ಲ," ಎಂದರು.